ಕಂಡದ್ದು, ಕೇಳಿದ್ದು, ಕಟ್ಟಿದ್ದು

ಆಕೆಯ ಎಡಗೈ ಮೊಣಕೈಯಿಂದ ಮುಂದಕ್ಕೆ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಅದನ್ನು ಸೆರಗಿನೊಳಗೆ ಮಡಚಿಟ್ಟುಕೊಂಡು ಬಲಗೈಯಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಹೊಸದಾಗಿ ಕಾಲೇಜಿಗೆ ಸೇರಿದ ಹುಡುಗರು ಅದು ಹುಟ್ಟಿನಿಂದಲೇ ಹಾಗೆ ಎಂದುಕೊಳ್ಳುತ್ತಿದ್ದರು. ಯಾರಾದರೂ ಧೈರ್ಯ ಮಾಡಿ ಕೇಳಿದರೆ, "ಬಡಿಗಿ ಏಟಪಾ, ನನ್ನ ಸ್ಟೂಡೆಂಟ್ ಹೊಡದಾನ," ಎನ್ನುತ್ತಿದ್ದಳು, ಬಸ್ಸು ತಪ್ಪಿತು ಎಂದು ಹೇಳುವವರ ಹಾಗೆ. ಕೇಳಿದವರು ಜೋಕ್ ಎಂದು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಪಾಠ ಮುಂದುವರಿಯುತ್ತಿತ್ತು.

ಹೋದ ತಿಂಗಳು ರಾಮದುರ್ಗದಲ್ಲಿ, ತಂಗಿಯ ಮನೆಯಲ್ಲಿ, ಆಕೆ ತೀರಿಕೊಂಡಳಂತೆ. ಫೋನ್ ಬಂತು. ನನ್ನ ಮೊಣಕಾಲು ಈಗ ಬಸ್ಸು ಹತ್ತಲು ಬಿಡುವುದಿಲ್ಲ, ಮಣ್ಣಿಗೆ ಹೋಗಲಾಗಲಿಲ್ಲ. ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಆಕೆಯ ಹೆಸರು ಹಾಕಿದರೆ ಕೈ ಮುರಿದ ಆ ಹುಡುಗನ ಮನೆತನವೂ ಗುರುತಾಗುತ್ತದೆ. ನಮ್ಮ ಕಡೆ ಊರುಗಳು ಸಣ್ಣವು, ನೆನಪುಗಳು ಉದ್ದ.

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ, ಆಕೆ ತರ್ಕಶಾಸ್ತ್ರ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು, ಹತ್ತಿ ವ್ಯಾಪಾರದ ದೊಡ್ಡ ಮನೆಗೆ ಸೊಸೆಯಾಗಿ ಬಂದವಳು. ಆಕೆ ಉಗರಗೋಳದವಳು, ಅಪ್ಪನದು ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಭಂಡಾರದ ಅರಿಶಿನ, ಕುಂಕುಮ, ಹಸಿರು ಬಳೆ ಮಾರುವ ಅಂಗಡಿ. ತೊಂಬತ್ತರ ದಶಕದ ಶುರುವಿನಲ್ಲಿ ಆಕೆ ಕೆಲಸಕ್ಕೆ ಸೇರಿದ ದಿನ ಸ್ಟಾಫ್‌ರೂಮಿನ ಲೇಡೀಸ್ ಮೂಲೆಯಲ್ಲಿ ನಾವಿಬ್ಬರೇ. ಚಹಾ ತಂದ ಕಾಲೇಜಿನ ಜವಾನ, ನಮ್ಮ ಸಿಪಾಯಿ, ದಿನದ ಸುದ್ದಿ ಶುರು ಮಾಡಿದ. ಕ್ಲರ್ಕಿನ ಮಗ ಸವದತ್ತಿಯ ಹುಡುಗಿಯನ್ನು ಕರೆದುಕೊಂಡು ಓಡಿಹೋದನಂತೆ.

"ನೀ ಕಂಡಿಯೇನು?" ಎಂದಳು ಆಕೆ.

"ಇಲ್ರೀ ಮೇಡಂ. ಕ್ಯಾಂಟೀನ್‌ದಾಗ ಮಾತಾಡಾಕತ್ತಿದ್ರು."

"ಸವದತ್ತಿ ಹುಡುಗಿ ಅಂತ ಅವರು ಅಂದ್ರೋ, ನೀ ಸೇರಿಸಿದ್ಯೋ?"

ಸಿಪಾಯಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಸವದತ್ತಿ ನಾನಽ ಹಾಕೇನ್ರಿ. ಊರ ಹೆಸರಿಲ್ಲಂದ್ರ ಸುದ್ದಿ ನಿಂದ್ರಂಗಿಲ್ಲಲ್ರಿ."

ಆಕೆ ಚಹಾ ಚೆಲ್ಲುವಷ್ಟು ನಕ್ಕಳು. "ನೋಡ್ರಿ ಅಕ್ಕಾರ, ಈ ಕಾಲೇಜಿನಾಗ ಒಬ್ಬಾಂವರೆ ತಾನು ಕಟ್ಟೀನಿ ಅನ್ನೋದನ್ನ ಬಲ್ಲ." ಹಾಗೆ ನನಗೆ ಅಕ್ಕಾರ ಎಂದು ಹೆಸರಾಯಿತು. ಕೊನೆಯ ತನಕ ಅದೇ ಉಳಿಯಿತು.

ಆಕೆಯ ಕ್ಲಾಸಿನ ಬೋರ್ಡಿನ ಮೇಲೆ ಯಾವಾಗಲೂ ಮೂರು ಕಾಲಂ ಇರುತ್ತಿದ್ದವು. ಕಂಡದ್ದು, ಕೇಳಿದ್ದು, ಕಟ್ಟಿದ್ದು. ಹುಡುಗರು ಪೇಪರಿನ ಸುದ್ದಿ ತರಬೇಕು, ಓಣಿಯ ಜಗಳ ತರಬೇಕು, ಟೆಕ್ಸ್ಟ್‌ಬುಕ್ಕಿನ ಪುಟವನ್ನೇ ತರಬೇಕು; ಒಂದೊಂದು ಮಾತನ್ನೂ ಎತ್ತಿ ಅದು ಯಾವ ಕಾಲಮ್ಮಿಗೆ ಸೇರಿದ್ದು ಎಂದು ಹೇಳಬೇಕು. ಪಾಠವೆಂದರೆ ಪಾಠವಲ್ಲ, ಹೊಡೆದಾಟ. ಡಸ್ಟರ್ ಮೇಜಿಗೆ ಅಪ್ಪಳಿಸುವ ಸದ್ದು ನನ್ನ ಕ್ಲಾಸಿನ ಗ್ರಾಮರಿನ ನಡುವೆ ಗುಂಡು ಹಾರಿದಂತೆ ಕೇಳುತ್ತಿತ್ತು. ಗೈಡ್ ನೋಡಿ ಉತ್ತರ ಹೇಳಿದವನ ಗೈಡನ್ನು ನಡುವೆ ಹರಿದು ಕಿಟಕಿಯಿಂದ ಎಸೆಯುತ್ತಿದ್ದಳು. "ಅದು ನಿನ್ನ ಮಾತಲ್ಲ. ಯಾರೋ ಅಗದು ಬಿಟ್ಟದ್ದು. ಉಗುಳು ಹೊರಗ," ಎಂದು ಚೀರುತ್ತಿದ್ದಳು. ದೊಡ್ಡ ಹುಡುಗರು ಕೂಡ ಆ ಬೆಂಚಿನಲ್ಲಿ ಬೆವರುತ್ತಿದ್ದರು. ಆದರೂ ಬರುತ್ತಿದ್ದರು. ಬೇರೆ ಸಬ್ಜೆಕ್ಟಿನವರು ಬಾಗಿಲ ಬಳಿ ನಿಂತು ಕೇಳುತ್ತಿದ್ದರು.

ನನಗೆ ಅದೆಲ್ಲ ವಲ್ಗರ್ ಎನಿಸುತ್ತಿತ್ತು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದನ್ನು ಮುದ್ದಾದ ಹ್ಯಾಂಡ್‌ರೈಟಿಂಗಿನಲ್ಲಿ ಬರೆದು, ಮುದ್ದಾದ ಪ್ರೊನನ್ಸಿಯೇಶನ್ನಿನಲ್ಲಿ ಒಪ್ಪಿಸಿದರೆ ಪ್ರೈಜ್. ವೈ ಎಂದು ಕೇಳಿದವಳಿಗೆ ಫುಟ್‌ರೂಲಿನ ಅಂಚಿನಿಂದ ಬೆರಳಿನ ಗೆಣ್ಣಿನ ಮೇಲೆ ಏಟು. ನನಗೆ ಎಂದೂ ಬೀಳಲಿಲ್ಲ, ನಾನು ಎಂದೂ ಕೇಳಿರಲಿಲ್ಲ. ಇದನ್ನು ಹೇಳಿದಾಗ ಆಕೆ, "ನಿಮ್ಮ ಇಂಗ್ಲೀಷ್ ಭಾಳ ಚಂದ ಐತ್ರಿ ಅಕ್ಕಾರ. ಇಸ್ತ್ರಿ ಮಾಡಿದ ಅರಿವಿ ಹಂಗ. ಹಾಕ್ಕೊಂಡು ಕೆಲಸ ಮಾಡಾಕ ಬರಂಗಿಲ್ಲ," ಎಂದಳು. ಎರಡು ದಿನ ನಾನು ಆಕೆಯೊಂದಿಗೆ ಮಾತಾಡಲಿಲ್ಲ. ಸಾರಿ ಹೇಳಲು ಆಕೆ ಬರಲೂ ಇಲ್ಲ.

ಏಟಿನ ವಿಷಯದಲ್ಲಿ ಆಕೆಗೆ ನನಗಿಂತ ಹೆಚ್ಚಿನ ಅನುಭವ. ಸಣ್ಣವಳಿದ್ದಾಗ ಒಂದು ಹುಣ್ಣಿಮೆಗೆ, ಅವರ ಅಂಗಡಿಯ ಮುಂದೆ ಒಬ್ಬ ಹೆಂಗಸಿಗೆ ದೇವಿ ಮೈಮೇಲೆ ಬಂದಿದ್ದಳಂತೆ. ಆ ಹೆಂಗಸಿನ ಗಂಡ ಬೇವಿನ ಟೊಂಗೆಯಿಂದ ಬೆನ್ನು ಹರಿಯುವಂತೆ ಹೊಡೆಯುತ್ತಿದ್ದ. ಈ ಹುಡುಗಿ ಗಟ್ಟಿಯಾಗಿ, ಎಲ್ಲರ ಎದುರಿಗೆ, "ಅಪ್ಪಾ, ಹೊಡಿಯೋದು ದೇವಿಗೋ ಹೆಂಡತಿಗೋ?" ಎಂದು ಕೇಳಿದಳು. ಗಿರಾಕಿಗಳು ಸರಿದುಹೋದರು. ಅಪ್ಪ ಸೊಂಟದ ಬೆಲ್ಟು ಬಿಚ್ಚಿ ಅಂಗಡಿಯ ಹಿಂದೆ ಎಳೆದೊಯ್ದು ಬಡಿದ. ಬಡಿದು ಸುಸ್ತಾದ ಮೇಲೆ ಪಕ್ಕದಲ್ಲಿ ಕುಳಿತು, "ಕೇಳಬಾರದು ಅಂತಲ್ಲವಾ. ಅಂಗಡಿ ಮುಂದ ಕೇಳಬಾರದು," ಎಂದನಂತೆ. ಆಕೆ ಈ ಕಥೆಯನ್ನು ಅಪ್ಪನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಳು. "ಅಂವಾ ನನ್ನ ಪ್ರಶ್ನೆಕ್ಕ ಬೆಲಿ ಐತಿ ಅಂತ ಮೊದಲ ತಿಳಿಸಿದಾಂವ," ಎನ್ನುತ್ತಿದ್ದಳು.

ಆಕೆಯ ಮೂರು ಕಾಲಂ ಬರೀ ಬೋರ್ಡಿನ ಆಟವಲ್ಲ ಎಂದು ನನಗೆ ಗೊತ್ತಾದದ್ದು ರಾಮದುರ್ಗದಲ್ಲಿ. ಪರೀಕ್ಷೆಯ ಡ್ಯೂಟಿಗೆ ಇಬ್ಬರೂ ಹೋಗಿದ್ದೆವು. ಮಳೆಗಾಲ, ಮಲಪ್ರಭಾ ದಂಡೆ ಮುಟ್ಟಿ ಹರಿಯುತ್ತಿತ್ತು. ಪೇಪರ್ ಕೊಟ್ಟು ಅರ್ಧ ಗಂಟೆ ಆಗಿರಬೇಕು, ಹೊರಗೆ ಹುಯಿಲೆದ್ದಿತು: ನವಿಲುತೀರ್ಥದ ಡ್ಯಾಮ್ ಒಡೆದಿದೆ! ರಸ್ತೆಯ ತುಂಬ ಜನ ಗುಡ್ಡದ ಕಡೆ ಓಡುತ್ತಿದ್ದರು. ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಹೆಂಗಸರು, ಸೈಕಲ್ಲುಗಳು, ಎಮ್ಮೆಗಳು. ನಮ್ಮ ಹಾಲಿನ ಹುಡುಗರು ಬೆಂಚು ಕೆಡವಿ ಬಾಗಿಲಿಗೆ ನುಗ್ಗಿದರು. ಆಕೆ ಬಾಗಿಲಿಗೆ ಅಡ್ಡ ನಿಂತು ಅಗಳಿ ಹಾಕಿದಳು. ಯಾರೋ ಎದೆಗೆ ಗುದ್ದಿದರು. ಯಾರೋ ಕೂದಲು ಹಿಡಿದು ಎಳೆದರು. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಆಕೆ ಸರಿಯಲಿಲ್ಲ. ಕಿಟಕಿಯ ಆಚೆ ಏದುಸಿರು ಬಿಡುತ್ತಿದ್ದ ಒಬ್ಬನನ್ನು ಕೂಗಿ ಕೇಳಿದಳು: "ನೀರು ನೋಡಿಯೇನೋ?"

"ಇಲ್ರೀ! ಓಡೋರನ್ನ ನೋಡೇನ್ರಿ!" ಎಂದು ಆತ ಓಡಿದ.

ಹಿಂದಿನ ಸಾಲಿನ ಯಾರೋ ನಕ್ಕರು. ನಗು ಹಬ್ಬಿತು. ಹುಡುಗರು ಬಿದ್ದ ಬೆಂಚುಗಳನ್ನು ಎತ್ತಿ ಮತ್ತೆ ಕುಳಿತು ಬರೆದರು. ಡ್ಯಾಮಿಗೆ ಏನೂ ಆಗಿರಲಿಲ್ಲ. ಪಕ್ಕದ ಬ್ಲಾಕಿನಲ್ಲಿ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಓಡುವವರ ಕಾಲಿಗೆ ಸಿಕ್ಕಿ ಅವಳ ಪಕ್ಕೆಲುಬುಗಳು ಮುರಿದಿದ್ದವು. ಅವಳು ಬಾಯಿಂದ ರಕ್ತ ಕಾರುತ್ತ ಬಿದ್ದಿದ್ದ ಜಾಗದಲ್ಲಿ ಹಾಲ್ ಟಿಕೆಟುಗಳು ಹರಡಿದ್ದವು. ಬಸ್ಸಿನಲ್ಲಿ ಮರಳುವಾಗ ಆಕೆ ಒಡೆದ ತುಟಿಗೆ ಕರ್ಚೀಫ್ ಒತ್ತಿಕೊಂಡೇ, "ಇದು ಪಾಠ ಅಲ್ರೀ ಅಕ್ಕಾರ. ಇದು ಜೀವ ಉಳಿಸೋ ವಿದ್ಯಾ," ಎಂದಳು. ಆಕೆಯ ಮುಖದಲ್ಲಿ ಹೆಮ್ಮೆ ಇತ್ತು. ನಾನೂ, ಫ್ರ್ಯಾಂಕ್ಲಿ, ಅಂದೇ ಆಕೆಯ ಶಿಷ್ಯೆಯಾದೆ.

ಆ ಹುಡುಗನನ್ನು ನಾನು ಮೊದಲು ಗಮನಿಸಿದ್ದು ಕಿತ್ತೂರಿನಲ್ಲಿ. ಬಿಎ ಕೊನೆಯ ವರ್ಷದವರನ್ನು ಕೋಟೆ ತೋರಿಸಲು ಕರೆದೊಯ್ದಿದ್ದೆವು. ಸುತ್ತಲಿನ ಹಳ್ಳಿಯೊಂದರ ದೊಡ್ಡ ಜಮೀನ್ದಾರರ ಒಬ್ಬನೇ ಮಗ. ಎತ್ತರದ ಹುಡುಗ, ಬಿಳಿ ಶರ್ಟು, ಮಾತಿನಲ್ಲಿ ಚುರುಕು. ಪಾಳು ಅರಮನೆಯ ಒಂದು ಮುರಿದ ಗೋಡೆಯ ಮುಂದೆ ಆಕೆ ಎಲ್ಲರನ್ನೂ ನಿಲ್ಲಿಸಿ, "ಇಲ್ಲಿ ಏನಾಗಿರಬೇಕು, ಕಟ್ಟ್ರಿ," ಎಂದಳು. ಉಳಿದವರು ಕತ್ತಿ, ಕುದುರೆ, ತೋಪು ಎಂದರು. ಈ ಹುಡುಗ ಮಾತ್ರ ಗೋಡೆಯೊಳಗಿನ ಮಸಿ ಹಿಡಿದ ಗೂಡಿಗೆ ಕೈಹಾಕಿ, ಇಲ್ಲಿ ದೀಪ ಹಚ್ಚುತ್ತಿದ್ದ ಒಬ್ಬ ಮುದುಕಿಯ ಕಥೆ ಕಟ್ಟಿದ. ಯುದ್ಧದ ದಿನವೂ ಆ ಮುದುಕಿ ಎಣ್ಣೆ ಹಾಕಲು ಬಂದಳಂತೆ, ಯಾಕೆಂದರೆ ಅವಳಿಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಅವನು ಮುಗಿಸುವ ಹೊತ್ತಿಗೆ ನನ್ನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಅವನೇ ನಗುತ್ತ, "ಮಸಿ ಕಂಡದ್ದ್ರಿ. ಮುದಿಕಿ ಕಟ್ಟಿದ್ದ್ರಿ," ಎಂದ. ಆಕೆ ಅವನ ಬೆನ್ನಿಗೆ ರಪ್ಪನೆ ಹೊಡೆದಳು. ಅಷ್ಟು ಖುಷಿಯಲ್ಲಿ ಆಕೆ ಯಾರನ್ನೂ ಹೊಡೆದದ್ದನ್ನು ನಾನು ಕಂಡಿಲ್ಲ.

"ಮಾತು ಒಡಿಯಾಕ ಎಲ್ಲಾರಿಗೂ ಕಲಿಸಬಹುದು," ಎಂದಳು ನನಗೆ. "ಕಟ್ಟಾಕ ಬರೋವರು ಸಿಗೋದು ಅಪರೂಪ. ಇಂವನ್ನ ನಾ ಬಿಡಂಗಿಲ್ಲ."

ಆ ವರ್ಷವೇ ಆಕೆ ಹೊಸ ಎಕ್ಸರ್ಸೈಜ್ ಶುರು ಮಾಡಿದ್ದು. ಒಂದು ದಿನ ಕ್ಲಾಸೆಲ್ಲ ಸೇರಿ ಒಂದು ಸುಳ್ಳು ಸುದ್ದಿ ಕಟ್ಟಬೇಕು. ಓಣಿಯಲ್ಲಿ ನಿಲ್ಲುವಂಥ, ಜನ ನಂಬುವಂಥ ಸುದ್ದಿ. ಮರುದಿನ ಅದೇ ಸುದ್ದಿಯನ್ನು ಒಂದೊಂದು ಇಟ್ಟಿಗೆಯಾಗಿ ಒಡೆಯಬೇಕು. ಸುದ್ದಿ ಹೇಗೆ ಹುಟ್ಟುತ್ತದೆಂದು ಗೊತ್ತಿದ್ದವನು ಅದಕ್ಕೆ ಬಲಿಯಾಗುವುದಿಲ್ಲ ಎಂಬುದು ಆಕೆಯ ಲೆಕ್ಕ. ಒಂದು ಶನಿವಾರ ವಿಷಯ: ಮಕ್ಕಳ ಕಳ್ಳ. ಎಲ್ಲರೂ ಒಂದೊಂದು ಎಳೆ ಸೇರಿಸಿದರು. ಹೆಗಲಿಗೆ ಚೀಲ. ಪರವೂರಿನ ಮಾತು. ಆದರೆ ಸುದ್ದಿ ನಿಲ್ಲುತ್ತಿರಲಿಲ್ಲ. ಆಗ ಹುಡುಗ ಎದ್ದು ನಿಂತು ಹೇಳಿದ: "ಆ ಚೀಲದಾಗ ಮಕ್ಕಳ ತಲಿಗೂದಲ ಇರತಾವ್ರಿ. ಗುರುತು ಸಿಗಬಾರದಂತ ಮೊದಲ ಬೋಳಿಸತಾನ್ರಿ." ಕ್ಲಾಸು ಜುಮ್ಮೆಂದಿತಂತೆ. ಆಕೆ ಚಾಕ್ ಎತ್ತಿ ಬೋರ್ಡಿಗೆ ಬರೆದಳಂತೆ. ಗಂಟೆ ಹೊಡೆಯಿತು.

ನಡುವೆ ಭಾನುವಾರ, ಒಡೆಯುವ ಕ್ಲಾಸು ಸೋಮವಾರ. ಸೋಮವಾರ ಬಸ್ ಪಾಸಿನ ಸಲುವಾಗಿ ಸ್ಟ್ರೈಕ್. ಹುಡುಗರು ಆಫೀಸಿನ ಗಾಜು ಒಡೆದರು, ಒಂದು ಬಸ್ಸಿಗೆ ಕಲ್ಲು ಬಿತ್ತು, ಪೊಲೀಸರು ಲಾಠಿ ಬೀಸಿದರು. ಕಾಲೇಜು ಮುಚ್ಚಿತು. ಹುಡುಗರು ಊರಿಗೆ ಹೋದರು. ಕಟ್ಟಿದ ಸುದ್ದಿಯೂ ಅವರೊಂದಿಗೆ ಹೋಯಿತು. ಯಾರೋ ತಮಾಷೆಗೆ ಮನೆಯಲ್ಲಿ ಹೇಳಿರಬೇಕು, ಕೇಳಿದವರು ಬಾವಿಕಟ್ಟೆಯಲ್ಲಿ ಹೇಳಿರಬೇಕು. ಆ ವಾರ ಮುಗಿಯುವ ಮೊದಲೇ ನಮ್ಮ ಮನೆಯ ಕೆಲಸದವಳು ನನಗೇ ಬಂದು ಹೇಳಿದಳು: ಚೀಲದವ ತಿರುಗುತ್ತಿದ್ದಾನಂತೆ, ಸವದತ್ತಿ ಕಡೆ ಇಬ್ಬರು ಮಕ್ಕಳು ಹೋದರಂತೆ.

ನಾನು ಆಕೆಯ ಮನೆಗೆ ಹೋಗಿ ಹೇಳಿದೆ. ಆಕೆಯ ಬಣ್ಣ ಇಳಿಯಿತು. "ಸವದತ್ತಿ ನಾವು ಹಾಕಿದ್ದಿಲ್ಲಲ್ರಿ," ಎಂದಳು. ಚಪ್ಪಲಿ ಮೆಟ್ಟಿ ಹೊರಟಳು, ಪ್ರಿನ್ಸಿಪಾಲರನ್ನು ಕಂಡು ಕ್ಲಾಸು ತೆರೆಸಬೇಕೆಂದು. ನಾನೂ ಜೊತೆಗೆ ಹೋದೆ.

ಮಾರ್ಕೆಟ್ ಯಾರ್ಡಿನ ಗೇಟಿನ ಹತ್ತಿರ ಗದ್ದಲ ಕೇಳಿಸಿತು. ನಮ್ಮ ಕಡೆ ಹೆಣ್ಣುಮಕ್ಕಳು ಬಾಚಣಿಕೆಗೆ ಸಿಕ್ಕ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಇಟ್ಟಿರುತ್ತಾರೆ. ಅದನ್ನು ತೆಗೆದುಕೊಂಡು ಪಿನ್ನು, ರಿಬ್ಬನ್ನು, ಮಕ್ಕಳಿಗೆ ಊದುವ ಫುಗ್ಗೆ ಕೊಡುವವರು ಓಣಿ ಓಣಿ ತಿರುಗುತ್ತಾರೆ. ಅಂಥವನೊಬ್ಬ ಮಣ್ಣಿನಲ್ಲಿ ಮೊಣಕಾಲೂರಿದ್ದ. ಸುತ್ತ ನೂರಾರು ಜನ. ಯಾರೋ ಅವನ ಚೀಲವನ್ನು ತಲೆಕೆಳಗು ಮಾಡಿ ಜಾಡಿಸಿದರು. ಕಪ್ಪು ಕೂದಲು ರಾಶಿಯಾಗಿ ನೆಲಕ್ಕೆ ಸುರಿಯಿತು.

ಆ ಜನದಿಂದ ಎದ್ದ ಧ್ವನಿ ನನಗೆ ಇಂದಿಗೂ ಕಿವಿಯಲ್ಲಿದೆ. ಅದು ಸಿಟ್ಟಲ್ಲ, ಸಿಕ್ಕಿತು ಎಂಬ ಸಮಾಧಾನ. ಆಮೇಲೆ ಏಟು ಬಿತ್ತು. ಗಾಡಿಯ ಗೂಟ, ಸೈಕಲ್ ಚೈನು, ಕಲ್ಲು, ಚಪ್ಪಲಿ. "ಹೆಣ್ಮಕ್ಕಳು ಕೊಟ್ಟಾರ್ರೀ ಯಪ್ಪಾ, ಈಗ ಕೊಟ್ಟಾರ್ರೀ, ಕೇಳ್ರೀ!" ಎಂದು ಅವನು ಮಾಳಿಗೆಗಳ ಕಡೆ ಕೈ ತೋರಿಸುತ್ತಿದ್ದ. ಮಾಳಿಗೆಯ ಮೇಲೆ ಹೆಣ್ಣುಮಕ್ಕಳು ನಿಂತಿದ್ದರು. ಅವರ ಕೈಯಲ್ಲಿ ಹೊಸ ರಿಬ್ಬನ್ನುಗಳಿದ್ದವು. ಒಬ್ಬಳೂ ಬಾಯಿ ಬಿಡಲಿಲ್ಲ. ತೋರಿಸುತ್ತಿದ್ದ ಕೈಗೆ ಯಾರೋ ಗೂಟದಿಂದ ಹೊಡೆದರು, ಅದು ಜೋತುಬಿತ್ತು.

ಹುಡುಗ ಆ ಗುಂಪಿನಲ್ಲಿದ್ದ. ಆಕೆಯನ್ನು ಕಂಡು ಅವನ ಮುಖ ಅರಳಿತು. "ಮೇಡಂ! ನೋಡ್ರಿ ಮೇಡಂ! ನಾ ಕಟ್ಟಿದ್ದು ಖರೇ ಆತ್ರಿ! ಕೂದಲಾ ಐತ್ರಿ ಚೀಲದಾಗ!"

"ಅದು ನಿನ್ನ ಕಥೀನೋ ಹುಚ್ಚಾ! ನಿನ್ನ ಕಥಿ!"

ಅವನಿಗೆ ಕೇಳಿಸಿತೋ ಇಲ್ಲವೋ. ಅವನ ಕೈಯಲ್ಲಿ ಬಡಿಗೆ ಇತ್ತು. ಆಕೆ ಮೊಣಕೈಯಿಂದ ಜನರನ್ನು ಬಡಿಯುತ್ತ ಒಳನುಗ್ಗಿ ಆ ಮನುಷ್ಯನ ಮೇಲೆ ಬಿದ್ದಳು, ಹೊರಳಿ ಮುಖ ಮೇಲೆ ಮಾಡಿ ಎರಡೂ ಕೈ ಎತ್ತಿದಳು. ನಾನು ಗೇಟಿನ ಕಂಬ ಹಿಡಿದು ಚೀರಿದೆ. ನನ್ನ ಬಾಯಿಂದ ಬಂದದ್ದು ಇಂಗ್ಲಿಷ್: ಸ್ಟಾಪ್ ಇಟ್, ಸ್ಟಾಪ್ ಇಟ್! ಧೂಳು, ಕಾಲುಗಳು, ಏಳುವ ಬೀಳುವ ಬಡಿಗೆಗಳು. ಯಾರು ಯಾರೆಂದು ಕಾಣಲಿಲ್ಲ. ಹತ್ತಿಕಟ್ಟಿಗೆ ಮುರಿದಂತೆ ಒಂದು ಸದ್ದು ಮಾತ್ರ ಕೇಳಿಸಿತು. ಒಬ್ಬ ಹೆಂಗಸಿಗೆ, ಅದೂ ಕಾಲೇಜಿನ ಮೇಡಮ್ಮಿಗೆ, ಬಿದ್ದಿತೆಂದು ಗೊತ್ತಾದಾಗ ಗುಂಪು ಹಿಂದೆ ಸರಿಯಿತು. ಅಷ್ಟು ಹೊತ್ತಿಗೆ ಆಕೆಯ ಕೆಳಗಿದ್ದವನ ತಲೆಬುರುಡೆ ಒಡೆದಿತ್ತು. ಆಕೆಯ ಸೀರೆಗೆ ರಕ್ತ ಮೆತ್ತಿ, ರಕ್ತಕ್ಕೆ ಆ ಕೂದಲು ಮೆತ್ತಿಕೊಂಡಿತ್ತು. ಸಂಜೆಗೆ ಸರ್ಕಾರಿ ದವಾಖಾನೆಯಲ್ಲಿ ಅವನು ಸತ್ತ.

ಪೊಲೀಸರು ಕೆಲವರನ್ನು ಹಿಡಿದರು. ಹುಡುಗ ಅವರಲ್ಲಿ ಇರಲಿಲ್ಲ. ಬಡಿಗೆಯಿಂದ ಹೊಡೆದವರು ಯಾರೆಂದು ಆಕೆಯನ್ನು ಕೇಳಿದರೆ, "ಕೈ ಭಾಳ ಸೆಳೀತೈತ್ರಿ. ಆಮ್ಯಾಲ ಹೇಳತೇನಿ," ಎಂದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಆಕೆ ಏನನ್ನೋ ಬಲ್ಲಳು ಎಂದು ನನಗೆ ಅನಿಸಿತು. ಕೇಳುವ ಧೈರ್ಯ ಆಗಲಿಲ್ಲ.

ಹುಡುಗನ ಅಪ್ಪ ಮೋಸಂಬಿಯ ಬುಟ್ಟಿ ಹಿಡಿದು ಬಂದರು. ದೊಡ್ಡ ರುಮಾಲು, ದೊಡ್ಡ ಮೀಸೆ. "ಬಾಯಾರ, ನಿಮ್ಮನ್ನ ಗುರು ಅಂತ ತಿಳದಾನ. ಒಬ್ಬಾಂವಽ ಮಗ. ಸತ್ತಾಂವ ಯಾವೂರಾಂವೋ ಯಾರೋ. ನೀವು ಸುಮ್ಮ ಇದ್ದರ ಸಾಕು."

"ನನ್ನ ಕೈ ಮುರದದ್ದು ಯಾರು ಅಂತ ನಿಮಗ ಹೆಂಗ ಗೊತ್ತಾತ್ರಿ?" ಎಂದಳು ಆಕೆ.

ಅವರು ಬುಟ್ಟಿ ಅಲ್ಲೇ ಬಿಟ್ಟು ಎದ್ದರು. ಮರುದಿನ ಆಕೆಯ ಮನೆಯ ಕಿಟಕಿಗಳಿಗೆ ಕಲ್ಲು ಬಿದ್ದವು. ಬಾಗಿಲಿಗೆ ಯಾರೋ ಸತ್ತ ನಾಯಿಯನ್ನು ನೇತು ಹಾಕಿದರು. ಮ್ಯಾನೇಜ್‌ಮೆಂಟಿನವರು ನನ್ನ ಮುಖಾಂತರ ಹೇಳಿಕಳಿಸಿದರು: ಕಾಲೇಜಿನ ಹೆಸರು ಬರಬಾರದು. "ಬಿಡ್ರಿ, ಅಂವಗ ಇಪ್ಪತ್ತು ವರ್ಷನೂ ತುಂಬಿಲ್ಲ," ಎಂದು ನಾನೂ ಅಂದೆ. ಅವನ ಹೆಸರು ಹೇಳಿದರೆ ಆಕೆ ಕಂಡ ಅತ್ಯಂತ ಚುರುಕಾದ ತಲೆ ಜೈಲಿಗೆ ಹೋಗುತ್ತದೆ, ಹೇಳದಿದ್ದರೆ ಆಕೆ ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಎರಡರ ನಡುವೆ ಆಕೆ ಊಟ ಬಿಟ್ಟು ಒಣಗುತ್ತಿದ್ದಳು.

ಕಾಲೇಜು ತೆರೆದ ದಿನ ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದಳು. ಆಕೆಯ ಪುಸ್ತಕಗಳನ್ನು ಹಿಡಿದು ನಾನು ಕ್ಲಾಸಿನ ತನಕ ಹೋದೆ, ಹೋದವಳು ಬಾಗಿಲಲ್ಲೇ ನಿಂತೆ. ಹುಡುಗ ಬಂದಿದ್ದ. ಮುಂದಿನ ಬೆಂಚಿನಲ್ಲಿ ಕುಳಿತಿದ್ದ, ಬಿಳಿ ಶರ್ಟು.

ಬೋರ್ಡಿನ ಮೇಲೆ ಶನಿವಾರದ ಸುದ್ದಿಯನ್ನು ಮತ್ತೆ ಬರೆದಳು. "ಒಡೀರಿ," ಎಂದಳು.

ಯಾರೂ ಏಳಲಿಲ್ಲ. ಕೊನೆಗೆ ಅವನೇ ಎದ್ದ. ಯಾವ ಊರಿನ ಮಗು ಹೋಗಿದೆ, ಯಾರ ಕಂಪ್ಲೇಂಟ್ ಇದೆ, ಮಕ್ಕಳ ಕೂದಲು ಅಷ್ಟು ಉದ್ದ ಇರುತ್ತದೆಯೇ, ಬಣ್ಣ ಬೇರೆ ಬೇರೆ ಯಾಕೆ, ಬೋಳಿಸಿದ್ದಾದರೆ ಉಂಡೆ ಉಂಡೆ ಯಾಕೆ. ಒಂದೊಂದೇ ಇಟ್ಟಿಗೆ ಕಳಚಿ ಕೆಳಗಿಟ್ಟ. ಬ್ರಿಲಿಯಂಟ್ ಆಗಿತ್ತು. ಅವನ ಧ್ವನಿ ಒಮ್ಮೆಯೂ ನಡುಗಲಿಲ್ಲ.

"ಹಂಗಾರ ಆ ಮನಿಷ್ಯಾನ್ನ ಕೊಂದವರು ಯಾರು?" ಎಂದಳು ಆಕೆ.

"ಅದು ಕಂಡದ್ದರಾಗ ಬರಂಗಿಲ್ರಿ ಮೇಡಂ. ಭಾಳ ಮಂದಿ ಹೊಡದಾರ. ಯಾರ ಏಟಿಗೆ ಜೀವ ಹೋತು ಅಂತ ಹೆಂಗ ಹೇಳೂದ್ರಿ? ಒಬ್ಬಾಂವನ ಹೆಸರು ಹೇಳಿದ್ರ, ಅದು ಕಟ್ಟಿದ್ದಾಕ್ಕತಿ."

ಆಕೆ ಚಾಕನ್ನು ಮೇಜಿನ ಮೇಲಿಟ್ಟಳು. "ಬರೋಬ್ಬರಿ," ಎಂದಳು. "ಒಂದೂ ತೂತಿಲ್ಲ. ಇಷ್ಟು ಚಂದ ಯಾರೂ ಹೇಳಿಲ್ಲ ನನ್ನ ಕ್ಲಾಸಿನಾಗ. ಈಗ ಇದನ್ನ ಹೇಳು. ನನ್ನ ಕೈ ಮುರದದ್ದು ಯಾರು?"

"ಗದ್ದಲದಾಗ... ಯಾರದೋ ಬಡಿಗಿ..."

"ಯಾರದೋ ಅಲ್ಲ. ನನ್ನ ಮಾರಿ ಮ್ಯಾಲಕ್ಕಿತ್ತು. ಬಡಿಗಿ ನೋಡೀನಿ, ಬಡಿಗಿ ಹಿಡದ ಕೈ ನೋಡೀನಿ, ಅಂಗಿ ನೋಡೀನಿ. ಹೊಡಿಯೋ ಮುಂದ ನೀ ನನ್ನ ಗುರ್ತಾ ಹಿಡದಿ. ಗುರ್ತಾ ಹಿಡದೂ ಕೈ ಇಳಿಸಲಿಲ್ಲ. ಅದನ್ನೂ ನೋಡೀನಿ."

ಅವನ ಮುಖ ಮೊದಲ ಸಲ ಒಡೆಯಿತು. "ಮೇಡಂ, ನೀವಽ ಕಲಿಸಿದ್ರಿ, ಎಲ್ಲಾ ನೀವಽ..."

"ಹೌದು, ನಾನಽ ಕಲಿಸೀನಿ. ಅದಕ್ಕಽ ಹೊತ್ತು ಮುಳುಗೂತನಕ ಕಾಯತೇನಿ. ಸ್ಟೇಶನ್ನಿಗೆ ಹೋಗಿ ನೀ ಹೇಳು. ನೀ ಹೋಗಲಿಲ್ಲಂದ್ರ ನಾ ಹೋಗತೇನಿ."

ಅವನು ಪುಸ್ತಕ ಬಿಟ್ಟು ಹೊರಗೆ ನಡೆದ. ನನ್ನ ಭುಜಕ್ಕೆ ಅವನ ಭುಜ ತಾಗಿತು. ಆಕೆ ಸಂಜೆಯ ತನಕ ಪೊಲೀಸ್ ಸ್ಟೇಶನ್ನಿನ ಎದುರಿನ ಬೇವಿನ ಮರದ ಕೆಳಗೆ ಕುಳಿತಳು. ಅವನು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು, ಸೀರೆಯ ಧೂಳು ಕೊಡವಿ, ಒಳಗೆ ಹೋದಳು. ಕಂಡದ್ದನ್ನೆಲ್ಲ ಹೇಳಿದಳು. ಸುದ್ದಿ ತನ್ನ ಕ್ಲಾಸಿನಲ್ಲೇ ಹುಟ್ಟಿದ್ದನ್ನೂ ಹೇಳಿದಳು. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, "ಅದು ಬ್ಯಾಡ ಬಿಡ್ರಿ ಮೇಡಂ. ಕಥಿ ಹೇಳೂದು ಗುನ್ಹೆ ಅಲ್ಲ," ಎಂದರು. "ಬರಕೊಳ್ರಿ," ಎಂದು ಆಕೆ ಹಟ ಹಿಡಿದಳು. ಬರೆದುಕೊಳ್ಳಲಿಲ್ಲ.

ಕೇಸು ವರ್ಷಗಟ್ಟಲೆ ಎಳೆಯಿತು. ಆಕೆ ಪಾಠ ಬಿಡಲಿಲ್ಲ. ಸುದ್ದಿ ಕಟ್ಟುವ ಎಕ್ಸರ್ಸೈಜನ್ನೂ ಬಿಡಲಿಲ್ಲ, ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರೂ. ಆದರೆ ಕಟ್ಟಿದ ಸುದ್ದಿಯನ್ನು ಅದೇ ತಾಸಿನಲ್ಲಿ ಒಡೆಸುತ್ತಿದ್ದಳು. ಗಂಟೆ ಹೊಡೆದರೂ ಬಾಗಿಲು ತೆಗೆಯುತ್ತಿರಲಿಲ್ಲ. ಹೊರಗೆ ಮುಂದಿನ ಕ್ಲಾಸಿನ ಲೆಕ್ಚರರ್ ಬಾಗಿಲು ಬಡಿಯುತ್ತಿದ್ದರೆ, ಒಳಗೆ ಆಕೆ, "ಇನ್ನೂ ಒಂದು ಉಳದೈತಿ, ಒಡೀರಿ," ಎಂದು ಚೀರುತ್ತಿದ್ದಳು.

ಬೆಳಗಾವಿಯ ಕೋರ್ಟಿನಲ್ಲಿ ತೀರ್ಪು ಬಂದದ್ದು ಎರಡು ಸಾವಿರದ ಇಸವಿಯ ಆಚೆ. ಸಾಕ್ಷಿಗಳೆಲ್ಲ ತಿರುಗಿಬಿದ್ದಿದ್ದರು. ಮಾಳಿಗೆಯ ಹೆಣ್ಣುಮಕ್ಕಳು ಏನೂ ಕಂಡಿರಲಿಲ್ಲ. ಕೂದಲಿನವನ ಸಾವಿಗೆ ಯಾರೂ ಹೊಣೆಯಾಗಲಿಲ್ಲ. ಆಕೆಯ ಕೈ ಮುರಿದದ್ದಕ್ಕೆ ಮಾತ್ರ ಹುಡುಗನಿಗೆ ಜೈಲಾಯಿತು, ಯಾಕೆಂದರೆ ಅದಕ್ಕೊಬ್ಬ ಸಾಕ್ಷಿ ಇದ್ದಳು. ಅವನನ್ನು ಕರೆದೊಯ್ಯುವಾಗ ಅವನ ಅಪ್ಪ ಆಕೆಯ ಮುಖಕ್ಕೆ ಉಗುಳಿದರು. ಆಕೆ ಸೆರಗಿನಿಂದ ಒರೆಸಿಕೊಂಡಳು.

ವರಾಂಡದಲ್ಲಿ ಒಬ್ಬ ಹೆಂಗಸು ಅಡ್ಡ ಬಂದಳು. ಕೇಸಿನ ಪ್ರತಿ ತಾರೀಖಿಗೂ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಸತ್ತವನ ಹೆಂಡತಿ. "ಬಾಯಾರ, ನೀವೊಬ್ಬರಽ ಖರೇ ಹೇಳಿದ್ರಿ. ನನಗೊಂದು ಹೇಳ್ರಿ," ಎಂದಳು. "ಆ ಸುದ್ದಿ ಎಲ್ಲಿಂದ ಬಂತ್ರಿ? ಕೋರ್ಟಿನಾಗ ಒಬ್ಬರೂ ಕೇಳಲಿಲ್ಲ."

ಹೇಳಬೇಡ ಎಂಬಂತೆ ನಾನು ಗೆಳತಿಯ ಕೈ ಒತ್ತಿದೆ. ಆಕೆ ಕೈ ಬಿಡಿಸಿಕೊಂಡಳು.

"ನನ್ನ ಕ್ಲಾಸಿನಿಂದ ಬಂತವಾ. ಹುಡುಗರ ತಲಿ ಚುರುಕಾಗಲಿ ಅಂತ ನಾನಽ ಕಟ್ಟಿಸಿದ್ದೆ. ಮುಂದಿನ ಕ್ಲಾಸಿನಾಗ ಒಡಸೋಳಿದ್ದೆ. ಆಗಲಿಲ್ಲ."

ಆ ಹೆಂಗಸಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕೈ ಎತ್ತಿ ಕಪಾಳಕ್ಕೆ ಹೊಡೆದಳು. ನನ್ನ ಗೆಳತಿಯ ಕನ್ನಡಕ ಹಾರಿ ಮೆಟ್ಟಿಲ ಮೇಲೆ ಚೂರಾಯಿತು. ಮತ್ತೆ ಹೊಡೆದಳು. ಪೊಲೀಸರು ಓಡಿಬಂದರು, ನಾನು ನಡುವೆ ಹೋದೆ. "ತಡೀಬ್ಯಾಡ್ರಿ ಅಕ್ಕಾರ, ಆಕಿನ್ನ ತಡೀಬ್ಯಾಡ್ರಿ," ಎಂದು ಆಕೆ ನನ್ನನ್ನೇ ತಳ್ಳಿದಳು. ಮೂಗಿನಿಂದ ರಕ್ತ ಬರುತ್ತಿತ್ತು.

ಆ ಹೆಂಗಸಿನ ಕೈ ತಾನಾಗಿ ಇಳಿಯಿತು. ಏದುಸಿರು ಬಿಡುತ್ತ ಕೇಳಿದಳು: "ಆ ಹುಡುಗ ಓದಾಕ ಹೆಂಗಿದ್ದ?"

"ಭಾಳ ಶ್ಯಾಣ್ಯಾ ಇದ್ದ," ಎಂದಳು ಆಕೆ. "ನಾ ಕಲಿಸಿದವರೊಳಗ ಅಂವನಷ್ಟು ಶ್ಯಾಣ್ಯಾ ಯಾರೂ ಇರಲಿಲ್ಲ."

ಹೆಂಗಸು ತಲೆಯ ಮೇಲೆ ಸೆರಗು ಹೊದ್ದುಕೊಂಡಳು. "ನನ್ನ ಮಗಾ ಏಳನೇ ಕ್ಲಾಸಿನಾಗ ಅದಾನ. ಸಾಲಿ ಬಿಡಸತೇನಿ," ಎಂದು ಮೆಟ್ಟಿಲಿಳಿದು ಹೋದಳು.

ನನ್ನ ಗೆಳತಿ ಅಷ್ಟೊಂದು ಹೆದರಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಬಡಿಗೆಯ ಕೆಳಗೆ ಕೂಡ ಆ ಮುಖ ಹಾಗಿರಲಿಲ್ಲ. ಕನ್ನಡಕವಿಲ್ಲದೆ, ತಡವರಿಸುತ್ತ, ಆ ಹೆಂಗಸಿನ ಹಿಂದೆ ಓಡಿದಳು. ನಾನು ಬಸ್‌ಸ್ಟ್ಯಾಂಡಿಗೆ ತಲುಪುವ ಹೊತ್ತಿಗೆ ಸವದತ್ತಿಯ ಬಸ್ಸಿನ ಕಿಟಕಿಯ ಕೆಳಗೆ ನಿಂತಿದ್ದಳು. "ಬಿಡಸಬ್ಯಾಡ್ರಿ ಯವ್ವಾ. ನನ್ನ ಹೊಡೀರಿ, ಬೈರಿ. ಅಂವನ್ನ ಬಿಡಸಬ್ಯಾಡ್ರಿ." ಹೆಂಗಸು ಎದುರಿನ ಸೀಟನ್ನು ನೋಡುತ್ತ ಕುಳಿತಿದ್ದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಆಕೆ ಕಿಟಕಿಯ ಸರಳು ಹಿಡಿದು, ಮಾತಾಡುತ್ತಲೇ, ಬಸ್ಸಿನ ಜೊತೆಗೆ ಓಡುತ್ತಿದ್ದಳು.